ಹಳೇ ಜೀಪಿನ ಬ್ರೇಕ್ ಮೊದಲ ಸಲ ಒತ್ತಿದರೆ ಹಿಡಿಯಲ್ಲ, ಎರಡನೇ ಸಲಕ್ಕೆ ಹಿಡಿಯುತ್ತೆ. ಏನು ಕಾರಣ?

ನೀವು ಬರೆದಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇಷ್ಟು. ಗಾಡಿ 30 ವರ್ಷ ಹಳೆಯ ಫೋರ್ ವೀಲ್ ಡ್ರೈವ್ ಜೀಪು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮೊದಲ ಸಲ ಒತ್ತಿದರೆ ಪೆಡಲ್ ಹೆಚ್ಚುಕಡಿಮೆ ನೆಲ ಮುಟ್ಟುತ್ತದೆ, ತಕ್ಷಣ ಇನ್ನೊಂದು ಸಲ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಹೊಸ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಪಂಪು) ಹಾಕಿಸಿದ್ದೀರಿ, ಮೂರು ಸಲ ಏರ್ (ಎಣ್ಣೆ ಪೈಪಿನೊಳಗೆ ಸೇರಿದ ಗಾಳಿ) ತೆಗೆಸಿದ್ದೀರಿ, ಏನೂ ಬದಲಾಗಿಲ್ಲ. ಜೊತೆಗೆ ನೀರು ದಾಟಿ ಬಂದ ಮೇಲೆ ಬ್ರೇಕ್ ಹಾಕಿದರೆ ಗಾಡಿ ಎಡಕ್ಕೆ ಎಳೆಯುತ್ತದೆ.

ಮೊದಲೇ ಒಂದು ಮಾತು: ಇದು ಸರಿಹೋಗುವವರೆಗೆ ದಯವಿಟ್ಟು ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಎರಡನೇ ಸಲ ಒತ್ತುವುದಕ್ಕೆ ಬೇಕಾದ ಅರ್ಧ ಸೆಕೆಂಡ್ ಇಳಿಜಾರಿನಲ್ಲಿ ಯಾವಾಗಲೂ ಸಿಗುವುದಿಲ್ಲ.

ನನ್ನ ಅಂದಾಜು ಹೀಗಿದೆ: ತೊಂದರೆ ಮಾಸ್ಟರ್ ಸಿಲಿಂಡರಿನಲ್ಲಿ ಇರಲೇ ಇಲ್ಲ. ಬ್ರೇಕ್ ಶೂಗಳು (ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಒತ್ತಿ ಗಾಡಿ ನಿಲ್ಲಿಸುವ ಬಾಗಿದ ಪಟ್ಟಿಗಳು) ಡ್ರಮ್ಮಿನಿಂದ ತುಂಬಾ ದೂರ ನಿಂತಿವೆ. ಮಾಸ್ಟರ್ ಸಿಲಿಂಡರ್ ಒಂದು ಒತ್ತಿಗೆ ತಳ್ಳುವ ಎಣ್ಣೆಗೆ ಒಂದು ಮಿತಿ ಇದೆ. ಶೂ ಮತ್ತು ಡ್ರಮ್ ನಡುವೆ ಅಂತರ ಜಾಸ್ತಿಯಾದರೆ ಅಷ್ಟೂ ಎಣ್ಣೆ ಶೂವನ್ನು ಡ್ರಮ್ಮಿನ ತನಕ ಕರೆದೊಯ್ಯುವುದಕ್ಕೇ ಖರ್ಚಾಗುತ್ತದೆ, ಒತ್ತಡ ಏರುವ ಹೊತ್ತಿಗೆ ಪೆಡಲ್ ನೆಲಕ್ಕೆ ಬಂದಿರುತ್ತದೆ. ಕಾಲು ತೆಗೆದ ಕೂಡಲೇ ಪಿಸ್ಟನ್ ಬೇಗ ಹಿಂದಕ್ಕೆ ಬರುತ್ತದೆ, ಆದರೆ ಚಕ್ರಗಳಿಂದ ಎಣ್ಣೆ ಅಷ್ಟು ಬೇಗ ವಾಪಸ್ ಬರುವುದಿಲ್ಲ. ಆ ಖಾಲಿಯನ್ನು ತುಂಬಲು ರಬ್ಬರ್ ಕಪ್ಪಿನ ಅಂಚು ದಾಟಿ ಮೇಲಿನ ಡಬ್ಬಿಯಿಂದ ಹೊಸ ಎಣ್ಣೆ ಬರುತ್ತದೆ. ನೀವು ಆಗಲೇ ಎರಡನೇ ಸಲ ಒತ್ತಿದರೆ ಶೂಗಳು ಇನ್ನೂ ಅರ್ಧ ದಾರಿಯಲ್ಲಿರುತ್ತವೆ, ಲೈನಿನಲ್ಲಿ ಎಣ್ಣೆಯೂ ಜಾಸ್ತಿ ಇರುತ್ತದೆ. ಅದಕ್ಕೇ ಪೆಡಲ್ ಮೇಲೆ ನಿಲ್ಲುತ್ತದೆ. ಹೊಸ ಮಾಸ್ಟರ್ ಸಿಲಿಂಡರ್ ಹಾಕಿದರೂ ಇದೇ ಕಥೆ ಮುಂದುವರಿಯುವುದು ಇದೇ ಕಾರಣಕ್ಕೆ.

ಪೆಡಲ್ ಕಾಲಿಗೆ ಹೇಗೆ ಸಿಗುತ್ತದೆ ಅನ್ನುವುದನ್ನು ಗಮನವಿಟ್ಟು ನೋಡಿ. ಎರಡನೇ ಒತ್ತಿಗೆ ಕಲ್ಲಿನ ಹಾಗೆ ಗಟ್ಟಿ ನಿಂತರೆ ಅಂತರದ ಸಮಸ್ಯೆ. ಪಂಪ್ ಮಾಡಿದಷ್ಟೂ ಮೇಲೆ ಬರುತ್ತದೆ, ಆದರೆ ಒತ್ತಿ ಹಿಡಿದಾಗ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ ಅಂದರೆ ಲೈನಿನಲ್ಲಿ ಗಾಳಿ ಇದೆ. ಮೇಲೆಯೇ ಗಟ್ಟಿಯಾಗಿ ನಿಂತು, ಹಾಗೇ ಒತ್ತಿ ಹಿಡಿದರೆ ನಿಧಾನಕ್ಕೆ ಕೆಳಗಿಳಿಯುತ್ತದೆ ಅಂದರೆ ಎಲ್ಲೋ ಸೋರುತ್ತಿದೆ; ಹೊರಗೆ ಎಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ ಸೋತಿದೆ. ಈ ಮೂರನ್ನೂ "ಪೆಡಲ್ ಕೆಳಗೆ ಹೋಗುತ್ತೆ" ಅಂತ ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಎಷ್ಟೋ ಒಳ್ಳೆಯ ಮಾಸ್ಟರ್ ಸಿಲಿಂಡರ್‌ಗಳು ಗುಜರಿ ಸೇರಿವೆ.

ಹಾಗಾಗಿ ಮೊದಲು ಶೂ ಅಡ್ಜಸ್ಟ್ ಮಾಡಿ. ಗಾಡಿ ಸಮತಟ್ಟು ನೆಲದಲ್ಲಿರಲಿ, ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಬಹಳ ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ (ಇಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಡಬ್ಬಿ) ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಅಂಥ ಗಾಡಿಯ ಒಂದು ಹಿಂದಿನ ಚಕ್ರವನ್ನು ಜ್ಯಾಕ್ ಮೇಲೆತ್ತಿದರೆ ಎರಡೂ ಚಕ್ರ ಬೇರೆಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಗಾಳಿಯಲ್ಲಿ ತಿರುಗಿ, ನೆಲದ ಮೇಲಿರುವ ಚಕ್ರ ಉರುಳಿಬಿಡುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದೀನಲ್ಲ ಅಂತ ಗಾಡಿ ಕೆಳಗೆ ಹೋಗಬೇಡಿ. ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ.

ಶೂಗಳು ಕೂತಿರುವ ಬ್ಯಾಕ್ ಪ್ಲೇಟಿನ ಹಿಂಬದಿಯಲ್ಲಿ ಶೂವನ್ನು ಡ್ರಮ್ಮಿನ ಹತ್ತಿರ ತರುವ ಅಡ್ಜಸ್ಟರ್ ಇರುತ್ತದೆ, ಚೌಕ ಅಥವಾ ಆರು ಮೂಲೆಯ ತಲೆ. ಕೆಲವು ಗಾಡಿಗಳಲ್ಲಿ ಅದರ ಬದಲು ಸಣ್ಣ ಕಿಂಡಿಯೊಳಗೆ ಹಲ್ಲಿನ ಚಕ್ರ. ಕೆಸರು ಮೆತ್ತಿಕೊಂಡು ತುಕ್ಕು ಹಿಡಿದಿರುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬಲವಂತ ಮಾಡಿದರೆ ತಲೆ ಉಂಡೆಯಾಗಿ ಸ್ಪ್ಯಾನರ್ ಜಾರತೊಡಗುತ್ತದೆ, ಆಮೇಲೆ ಡ್ರಮ್ ಬಿಚ್ಚದೆ ಗತಿಯಿಲ್ಲ. ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ ಅನ್ನುವುದು ಒಂದೊಂದು ಅಡ್ಜಸ್ಟರಿಗೆ ಒಂದೊಂದು ಥರ ಇರಬಹುದು, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ನೋಡಿ. ಚಕ್ರ ಪೂರ್ತಿ ನಿಲ್ಲುವ ತನಕ ಬಿಗಿ ಮಾಡಿ, ಒಳಗೆ ಕೂತು ಪೆಡಲನ್ನು ಒಂದು ಸಲ ಜೋರಾಗಿ ಒತ್ತಿ ಬಿಡಿ. ಶೂಗಳು ತಮ್ಮ ಜಾಗದಲ್ಲಿ ಕೂರುತ್ತವೆ, ಚಕ್ರ ಮತ್ತೆ ಸಡಿಲವಾಗುತ್ತದೆ. ಇನ್ನೊಮ್ಮೆ ಬಿಗಿ ಮಾಡಿ, ಆಮೇಲೆ ಚಕ್ರ ಎಳೆತವಿಲ್ಲದೆ ತಿರುಗುವಷ್ಟು ಮಾತ್ರ ಸಡಿಲಿಸಿ. ಸಣ್ಣಗೆ ಸರ್‌ ಅಂತ ಉಜ್ಜುವ ಸದ್ದು ಬಂದರೆ ಅಡ್ಡಿಯಿಲ್ಲ. ನಡುವೆ ಪೆಡಲ್ ಒತ್ತುವ ಈ ಹಂತ ಬಿಟ್ಟವರೇ "ಅಡ್ಜಸ್ಟ್ ಮಾಡಿದೆ, ಎರಡು ದಿನಕ್ಕೆ ಮತ್ತೆ ಹಾಗೇ ಆಯಿತು" ಅನ್ನುವುದು. ಗೇರು ಮತ್ತು ಟ್ರಾನ್ಸ್‌ಫರ್ ಕೇಸ್ ಎರಡೂ ನ್ಯೂಟ್ರಲ್‌ನಲ್ಲಿರಲಿ. ಇಲ್ಲದಿದ್ದರೆ ಶಾಫ್ಟಿನ ಎಳೆತವನ್ನೇ ಶೂ ಎಳೆತ ಅಂದುಕೊಳ್ಳುತ್ತೀರಿ.

ನಾಲ್ಕೂ ಚಕ್ರ ಮುಗಿಸಿದ ಮೇಲೂ ಪೆಡಲ್ ಕೆಳಗೇ ಹೋದರೆ ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ಹೋಗುವ ಪುಶ್ ರಾಡ್ ನೋಡಿ. ಹೊಸ ಸಿಲಿಂಡರ್ ಹಾಕುವಾಗ ಅದರ ಉದ್ದ ಹೊಂದಿಸದೆ ಬಿಡುವುದು ಸಾಮಾನ್ಯ. ಪೆಡಲನ್ನು ಕೈಬೆರಳಿನಿಂದ ಮೆಲ್ಲಗೆ ಒತ್ತಿ: ರಾಡು ಪಿಸ್ಟನ್ನಿಗೆ ತಾಗುವ ಮೊದಲು ಸ್ವಲ್ಪ ಆಟ ಇರಲೇಬೇಕು, ರಾಡಿನ ತುದಿಯಲ್ಲಿ ಒಂದು ಮಿಲಿಮೀಟರಿನ ಆಸುಪಾಸು. ಆಟ ವಿಪರೀತ ಇದ್ದರೆ ಪೆಡಲಿನ ಅರ್ಧ ಓಟ ಅಲ್ಲೇ ವ್ಯರ್ಥ.

ಇನ್ನೂ ಸರಿಹೋಗಲಿಲ್ಲ ಅಂದರೆ ಅಂದಾಜು ಸಾಕು, ದೋಷ ಎಲ್ಲಿದೆ ಅಂತ ಭಾಗ ಮಾಡಿ ಹುಡುಕಬೇಕು. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪುಗಳನ್ನು ಬಿಚ್ಚಿ, ಆ ತೂತುಗಳಿಗೆ ಅದೇ ಥ್ರೆಡ್ಡಿನ ಮುಚ್ಚು ಬೋಲ್ಟ್ ಹಾಕಿ, ಸಿಲಿಂಡರಿನೊಳಗಿನ ಗಾಳಿ ತೆಗೆದು ಪೆಡಲ್ ಒತ್ತಿ. ಗಟ್ಟಿಯಾಗಿ ಮೇಲೆಯೇ ನಿಂತರೆ ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆ, ಅದರ ತಂಟೆಗೆ ಹೋಗಬೇಡಿ. ಆಮೇಲೆ ಒಂದೊಂದೇ ಪೈಪ್ ಜೋಡಿಸುತ್ತಾ ಬನ್ನಿ. ಯಾವುದನ್ನು ಜೋಡಿಸಿದಾಗ ಪೆಡಲ್ ಇಳಿಯಿತೋ ದೋಷ ಆ ಕಡೆ. ರಬ್ಬರ್ ಹೋಸನ್ನು ಕ್ಲಾಂಪಿನಿಂದ ಹಿಸುಕಿಯೂ ಇದೇ ಪರೀಕ್ಷೆ ಮಾಡುತ್ತಾರೆ, ಆದರೆ ಹಳೇ ಹೋಸ್ ಒಳಪದರ ಹರಿದು ಹೊಸ ತೊಂದರೆ ಶುರುವಾಗುತ್ತದೆ. ಹೇಗೂ ಹೋಸ್ ಬದಲಾಯಿಸುವವರಿದ್ದರೆ ಮಾತ್ರ ಹಾಗೆ ಮಾಡಿ.

ಹೀಗೆ ಹುಡುಕುತ್ತಾ ನನಗೆ ಸಿಕ್ಕಿದ ಎರಡು ದೋಷಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಎರಡರಲ್ಲೂ ನಾನು ದಿನಗಟ್ಟಲೆ ಕಳೆದಿದ್ದೇನೆ.

ಒಂದು, ವೀಲ್ ಸಿಲಿಂಡರ್ (ಚಕ್ರದೊಳಗೆ ಎಣ್ಣೆಯ ಒತ್ತಡದಿಂದ ಶೂಗಳನ್ನು ತಳ್ಳುವ ಸಣ್ಣ ಸಿಲಿಂಡರ್) ಅದಲುಬದಲು. ಮುಂದಿನ ಚಕ್ರದ ಎಡ ಬಲದ ಸಿಲಿಂಡರ್‌ಗಳು ನೋಡಲು ಒಂದೇ ಥರ, ಬೋಲ್ಟಿಗೂ ಕೂರುತ್ತವೆ. ಅದಲುಬದಲಾದರೆ ಏರ್ ತೆಗೆಯುವ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ನಿಲ್ಲುತ್ತದೆ, ನಿಪ್ಪಲ್ಲಿನಿಂದ ಬರುವುದು ಬರೀ ಎಣ್ಣೆ. ಗಾಜಿನ ಬಾಟಲಿಯೊಳಗೆ ಪೈಪ್ ಇಳಿಬಿಟ್ಟು ನೋಡುತ್ತಾ ಕೂತಿದ್ದೆ, ಒಂದು ಗುಳ್ಳೆಯೂ ಇಲ್ಲ, ಹೊಂಬಣ್ಣದ ಎಣ್ಣೆ ಸ್ವಚ್ಛವಾಗಿ ಬರುತ್ತಿತ್ತು. ಆದರೂ ಪೆಡಲ್ ಮೆತ್ತಗೆ. ಕೊನೆಗೆ ಸಿಲಿಂಡರನ್ನು ಪೈಪಿನ ಸಮೇತ ಬಿಚ್ಚಿ, ಪಿಸ್ಟನ್ ಹೊರಬರದಂತೆ ಕಟ್ಟಿ, ನಿಪ್ಪಲ್ ಮೇಲೆ ಬರುವಂತೆ ತಿರುಗಿಸಿ ಹಿಡಿದು ಒತ್ತಿಸಿದಾಗ ಬುಳುಬುಳು ಅಂತ ಗಾಳಿ ಬಂತು. ನಿಪ್ಪಲ್ ಯಾವಾಗಲೂ ಸಿಲಿಂಡರಿನ ಅತಿ ಎತ್ತರದ ಜಾಗದಲ್ಲಿರಬೇಕು, ಮೊದಲು ಅದನ್ನೇ ಬ್ಯಾಟರಿ ಹಾಕಿ ನೋಡಿ.

ಇನ್ನೊಂದು, ಹೊಸ ಶೂವಿನ ಬಾಗು ಡ್ರಮ್ಮಿಗೆ ಹೊಂದದೆ ಇರುವುದು. ಹಳೇ ಡ್ರಮ್ ಲೇತಿನಲ್ಲಿ ಕಡೆಸಿ ಕಡೆಸಿ ಅಗಲವಾಗಿರುತ್ತದೆ, ಹೊಸ ಶೂ ಮೂಲ ಅಳತೆಗೆ ಬಂದಿರುತ್ತದೆ. ಆಗ ಶೂವಿನ ನಡುಭಾಗ ಮಾತ್ರ ಡ್ರಮ್ಮಿಗೆ ತಾಗುತ್ತದೆ. ಒತ್ತಿದಂತೆ ಶೂ ಬಿಲ್ಲಿನ ಹಾಗೆ ಬಗ್ಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಕಾಲಿಗೆ ಅದು ಥೇಟ್ ಗಾಳಿ ಇದ್ದ ಹಾಗೇ. ಎಷ್ಟು ಸಲ ಏರ್ ತೆಗೆದರೂ ಇದು ಹೋಗುವುದಿಲ್ಲ. ಶೂ ಮೇಲೆ ಸೀಮೆಸುಣ್ಣ ಅಡ್ಡಡ್ಡ ಹಚ್ಚಿ, ಡ್ರಮ್ ಹಾಕಿ, ಪೆಡಲ್ ಮೆಲ್ಲಗೆ ಒತ್ತಿ ಹಿಡಿದಿರುವಾಗ ಚಕ್ರವನ್ನು ಒಂದು ಸುತ್ತು ತಿರುಗಿಸಿ ಬಿಚ್ಚಿ ನೋಡಿ. ಅಂಗೈ ಅಗಲದ ಜಾಗದಲ್ಲಿ ಮಾತ್ರ ಸುಣ್ಣ ಅಳಿಸಿದ್ದರೆ ಉತ್ತರ ಸಿಕ್ಕಿತು. ಶೂವನ್ನು ಡ್ರಮ್ಮಿನ ಬಾಗಿಗೆ ಹೊಂದಿಸಿ ಉಜ್ಜಿಸಬೇಕು. ಡ್ರಮ್ ಮೇಲೆ ಅಚ್ಚಾಗಿರುವ ಗರಿಷ್ಠ ಅಳತೆ ಮೀರಿದ್ದರೆ ಡ್ರಮ್ಮನ್ನೇ ಬದಲಾಯಿಸಬೇಕು. ಡ್ರಮ್ಮಿನೊಳಗಿನ ಪುಡಿಯನ್ನು ಮಾತ್ರ ಊದಬೇಡಿ. ಹಳೇ ಲೈನಿಂಗುಗಳಲ್ಲಿ (ಶೂ ಮೇಲಿನ ಉಜ್ಜುವ ಪದರ) ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ಇರುತ್ತಿತ್ತು. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ.

ಈಗ ಎಡಕ್ಕೆ ಎಳೆಯುವ ವಿಷಯ. ಎಡಕ್ಕೆ ಎಳೆದರೆ ಮೊದಲು ನೋಡಬೇಕಾದ್ದು ಬಲಗಡೆಯ ಚಕ್ರವನ್ನು, ಯಾಕೆಂದರೆ ಸಾಮಾನ್ಯವಾಗಿ ಎಡಗಡೆಯದು ತನ್ನ ಕೆಲಸ ಮಾಡುತ್ತಿರುತ್ತದೆ, ಬಲಗಡೆಯದು ಮಾಡುತ್ತಿರುವುದಿಲ್ಲ. ನೀರು ಹೊಕ್ಕ ಡ್ರಮ್ ಒಣಗುವ ತನಕ ಎಳೆತ ಇರುವುದು ಸಹಜ. ನೀರು ದಾಟಿದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಓಡಿಸುತ್ತಾ ಪೆಡಲನ್ನು ಹಗುರಾಗಿ ಒತ್ತಿದರೆ ಬಿಸಿಗೆ ಒಣಗುತ್ತದೆ. ಒಣಗಿದ ಮೇಲೂ ಎಳೆದರೆ ಡ್ರಮ್ ಬಿಚ್ಚಿ. ಶೂ ಒದ್ದೆಯಾಗಿದ್ದರೆ ಬೆರಳಿಗೆ ಸ್ವಲ್ಪ ತಗೊಂಡು ನೋಡಿ: ಗಂಧಕದ ಕಟುವಾಸನೆ ಬಂದರೆ ಅದು ಆಕ್ಸಲ್ಲಿನ ಗೇರ್ ಆಯಿಲ್, ವಾಸನೆ ಅಷ್ಟಿಲ್ಲದೆ, ನೀರಿನಲ್ಲಿ ಬೆರಳು ಅದ್ದಿದರೆ ತೊಳೆದುಹೋದರೆ ಬ್ರೇಕ್ ಆಯಿಲ್, ಅಂದರೆ ವೀಲ್ ಸಿಲಿಂಡರ್ ಸೋರುತ್ತಿದೆ. ಗೇರ್ ಆಯಿಲ್ ಆಗಿದ್ದರೆ ಆಯಿಲ್ ಸೀಲ್ ಬದಲಾಯಿಸಿ ಸುಮ್ಮನಾಗಬೇಡಿ. ಆಕ್ಸಲ್ ಮೇಲೆ ಗಾಳಿ ಆಡುವ ಸಣ್ಣ ಬ್ರೀದರ್ ಇದೆ, ಅದು ಕೆಸರಿನಿಂದ ಮುಚ್ಚಿಹೋದರೆ ಬಿಸಿಯಾದ ಗಾಳಿ ಎಣ್ಣೆಯನ್ನು ಸೀಲ್ ದಾಟಿಸಿ ಶೂ ಮೇಲೆ ತಳ್ಳುತ್ತದೆ. ಬ್ರೀದರ್ ಬಿಡಿಸದೆ ಸೀಲ್ ಹಾಕಿದರೆ ಹೊಸ ಸೀಲೂ ಸೋರುತ್ತದೆ. ಎಣ್ಣೆ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ವಾಪಸ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಒಂದೇ ಆಕ್ಸಲ್ಲಿನ ಎರಡೂ ಕಡೆ ಹೊಸ ಶೂ ಹಾಕಿ.

ನೀವು ಮೂರು ಸಲ ಏರ್ ತೆಗೆಸಿದ್ದೀರಿ ಅಂದಿದ್ದರಿಂದ ಒಂದು ಎಚ್ಚರಿಕೆ. ಪೆಡಲನ್ನು ನೆಲದ ತನಕ ಒತ್ತಿ ಏರ್ ತೆಗೆಯುವುದು ಹಳೇ ಮಾಸ್ಟರ್ ಸಿಲಿಂಡರಿಗೆ ಮಾರಕ. ದಿನಾ ಓಡಾಡದ ಕೊನೆಯ ಭಾಗದಲ್ಲಿ ತುಕ್ಕು, ಕಿಟ್ಟ ಕೂತಿರುತ್ತದೆ; ರಬ್ಬರ್ ಕಪ್ ಅಲ್ಲಿಗೆ ಹೋಗಿ ಗೀರು ಬೀಳುತ್ತದೆ. ನಿಮ್ಮದು ಹೊಸದಾದ್ದರಿಂದ ಈಗ ಬಚಾವ್. ಮುಂದಕ್ಕೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡು ಮಾಡಿಸಿ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡುವುದು ರೂಢಿ. ನಿಮ್ಮ ಗಾಡಿಯ ಪುಸ್ತಕ ಬೇರೆ ಕ್ರಮ ಹೇಳಿದರೆ ಅದನ್ನೇ ಅನುಸರಿಸಿ.

ಎಣ್ಣೆ ಎಷ್ಟು ಹಳೆಯದು ಅಂತ ನೀವು ಬರೆದಿಲ್ಲ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆಗಳು ಗಾಳಿಯ ತೇವ ಹೀರುತ್ತವೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ನನಗೆ ಒಮ್ಮೆ ಹೀಗಾಯಿತು: ಮೇಲಿನ ತಿರುವಿನಲ್ಲಿ ಗಟ್ಟಿಯಾಗಿದ್ದ ಪೆಡಲ್ ಕೆಳಗಿನ ತಿರುವಿಗೆ ಬರುವಷ್ಟರಲ್ಲಿ ಮೆತ್ತಗಾಗಿ ನೆಲಕ್ಕೆ ಹೋಯಿತು. ಲೋ ರೇಂಜ್‌ನಲ್ಲಿ (ನಿಧಾನಕ್ಕೆ ಹೋಗುವ ಕೆಳಗೇರಿನಲ್ಲಿ) ಇದ್ದುದರಿಂದ ಇಂಜಿನ್ನಿನ ಹಿಡಿತದಲ್ಲೇ ಗಾಡಿ ನಿಂತಿತು. ಅರ್ಧ ಗಂಟೆ ಆರಿದ ಮೇಲೆ ಪೆಡಲ್ ಏನೂ ಆಗದ ಹಾಗೆ ವಾಪಸ್ ಬಂತು. ಕುದ್ದ ಆವಿ ತಣ್ಣಗಾಗಿ ಮತ್ತೆ ಎಣ್ಣೆಯಾಗಿತ್ತು ಅಷ್ಟೆ. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಎಣ್ಣೆ ಬದಲಾಯಿಸಿ. ಸಿಲಿಕೋನ್ ಜಾತಿಯ ಡಾಟ್ 5 ಬೇರೆಯದೇ ವಸ್ತು, ಇದರ ಜೊತೆ ಬೆರೆಸಬೇಡಿ. ಡಬ್ಬಿಯ ಮುಚ್ಚಳದ ರಬ್ಬರ್ ಊದಿಕೊಂಡು ತನ್ನ ಜಾಗದಲ್ಲಿ ಕೂರದಿದ್ದರೆ ಯಾರೋ ಇಂಜಿನ್ ಆಯಿಲ್ಲೋ ಸ್ಟೀರಿಂಗ್ ಆಯಿಲ್ಲೋ ಸುರಿದಿದ್ದಾರೆ ಅಂತ ಅನುಮಾನ ಪಡಿ. ಅದು ಖಚಿತವಾದರೆ ಲೈನ್ ಪೂರ್ತಿ ತೊಳೆದು ಪ್ರತಿಯೊಂದು ರಬ್ಬರನ್ನೂ, ಹೋಸ್ ಸಮೇತ, ಬದಲಾಯಿಸಲೇಬೇಕು.

ಅಡ್ಜಸ್ಟ್ ಮಾಡಿದ ಮೇಲೆ ಓಡಿಸುತ್ತಾ ಯಾವುದಾದರೂ ಚಕ್ರ ಹಿಡಿದುಕೊಂಡು ಬಿಸಿಯಾದರೆ ಹೀಗೆ ನೋಡಿ. ಮಾಸ್ಟರ್ ಸಿಲಿಂಡರಿನ ಹತ್ತಿರ ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ಒತ್ತಡ ಅಲ್ಲೇ ಸಿಕ್ಕಿಬಿದ್ದಿದೆ, ಪುಶ್ ರಾಡಿಗೆ ಆಟವೇ ಇಲ್ಲ. ಅಲ್ಲಿ ಸಡಿಲಿಸಿದರೂ ಬಿಡದೆ, ಚಕ್ರದ ನಿಪ್ಪಲ್ ತೆರೆದಾಗ ಮಾತ್ರ ಬಿಟ್ಟರೆ ನಡುವಿನ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡಿದೆ. ಹೊರಗಿನಿಂದ ಅದು ಹೊಸದರ ಹಾಗೇ ಕಾಣಬಹುದು. ಎರಡಕ್ಕೂ ಬಿಡದಿದ್ದರೆ ಶೂ, ಸ್ಪ್ರಿಂಗ್ ಅಥವಾ ಪಿಸ್ಟನ್ ಜಾಮ್.

ಎಲ್ಲ ಮುಗಿದ ಮೇಲೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಇನ್ನೊಬ್ಬರು ಒಣ ಕಾಗದ ಹಿಡಿದು ಪ್ರತಿ ಜೋಡಣೆ, ಪ್ರತಿ ನಿಪ್ಪಲ್ ಒರೆಸಿ ನೋಡಲಿ. ಆಮೇಲೆ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಮುಂದಕ್ಕೂ ಹಿಂದಕ್ಕೂ ಓಡಿಸಿ ಬ್ರೇಕ್ ಹಾಕಿ. ಯಾವ ಚಕ್ರದ ಅಡ್ಜಸ್ಟರ್ ಎಷ್ಟು ತಿರುವು ತೆಗೆದುಕೊಂಡಿತು ಅನ್ನುವುದನ್ನು ಬರೆದಿಟ್ಟುಕೊಂಡು ಇಲ್ಲಿ ತಿಳಿಸಿ. ನಾಲ್ಕರಲ್ಲಿ ಒಂದು ಮಾತ್ರ ಉಳಿದವಕ್ಕಿಂತ ತುಂಬಾ ಜಾಸ್ತಿ ತೆಗೆದುಕೊಂಡಿದ್ದರೆ, ನಾನು ಮೊದಲು ಬಿಚ್ಚಿಸುವ ಡ್ರಮ್ ಅದೇ.