ಯಾವ ಬಾಯಲ್ಲಿ ಬೇಡ ಅನ್ನಲಿ?

ಅರಕಲಗೂಡು ತಾಲ್ಲೂಕಿನ ರೈತರೊಬ್ಬರು ಬರೆದಿದ್ದಾರೆ: "ಮಗನಿಗೆ ಹತ್ತೊಂಬತ್ತು. ಹಾಸನದಲ್ಲಿ ರೂಮು ಮಾಡಿಕೊಂಡು ಡಿಗ್ರಿ ಓದುತ್ತಿದ್ದಾನೆ. ಹಬ್ಬಕ್ಕೆ ಬಂದಾಗ ಅವನ ಶರ್ಟ್ ಜೇಬಲ್ಲಿ ಒಂದು ಸಿಗರೇಟು ಸಿಕ್ಕಿತು. ಅವನ ಫೀಸು ಕಟ್ಟಿದ್ದೇ ಹೊಗೆಸೊಪ್ಪು ಮಾರಿದ ದುಡ್ಡಲ್ಲಿ. ಯಾವ ಬಾಯಲ್ಲಿ ಸೇದಬೇಡ ಅನ್ನಲಿ?"

ಇದೇ ಬಾಯಲ್ಲಿ ಹೇಳಿ. ನಿಮಗಿಂತ ಚೆನ್ನಾಗಿ ಹೇಳುವವರು ಯಾರಿದ್ದಾರೆ?

ಇಬ್ಬನಿ ಆರದ ಸೊಪ್ಪು ಮುರಿದ ದಿನ ತಲೆ ಸುತ್ತಿ, ಹೊಟ್ಟೆ ತೊಳೆಸಿ, ಅನ್ನ ಸೇರದೆ ಮಲಗುವವರನ್ನು ನೀವು ನೋಡಿಯೇ ಇರುತ್ತೀರಿ. ಬಿಸಿಲಿಗೆ ಹೀಗಾಯಿತು ಅಂದುಕೊಳ್ಳುತ್ತೇವೆ. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿದರೂ ಹೀಗಾಗುತ್ತದೆ. ನಿಮ್ಮ ಮಗ ಅದನ್ನೇ ಹೊಗೆಯಲ್ಲಿ ಎಳೆದುಕೊಳ್ಳುತ್ತಿದ್ದಾನೆ. ಇಪ್ಪತ್ತು ಸೆಕೆಂಡಿನೊಳಗೆ ಅದು ಮಿದುಳು ಮುಟ್ಟುತ್ತದೆ. ಇಪ್ಪತ್ತೈದು ವರ್ಷದವರೆಗೂ ಮಿದುಳು ಬೆಳೆಯುತ್ತಲೇ ಇರುತ್ತದೆ. ಈ ವಯಸ್ಸಲ್ಲಿ ಹತ್ತಿದ ಚಟ ಬೇಗ ಬೇರು ಬಿಡುತ್ತದೆ.

ನಿಮ್ಮ ಬೆಳೆಯ ಬಗ್ಗೆ ನಾನು ತಪ್ಪು ಹೇಳಲಾರೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲ್ ಇಟ್ಟು ದರಕ್ಕೆ ಕಾಯುವವರ ಮುಖ ನೋಡಿದ್ದೇನೆ. ಸಾಲ ತೀರಿಸೋದು, ಮಕ್ಕಳನ್ನು ಓದಿಸೋದು ತಪ್ಪಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಹೋದ ವಾರ ಹಾಸನದ ಒಂದು ಟೀ ಅಂಗಡಿ ಮುಂದೆ ನಿಂತಿದ್ದೆ. ಬ್ಯಾಗ್ ಹಾಕಿಕೊಂಡ ಮೂವರು ಹುಡುಗರು ಬಂದರು. ಮೂರು ಟೀ, ಒಂದೇ ಸಿಗರೇಟು. ಲೈಟರನ್ನು ಕಂಬಕ್ಕೆ ದಾರದಲ್ಲಿ ಕಟ್ಟಿದ್ದರು. ಇಬ್ಬರು ಧಮ್ ಎಳೆದು ಮೂರನೆಯವನ ಕೈಗಿಟ್ಟರು. ಮೀಸೆ ಆಗ ತಾನೇ ಚಿಗುರುತ್ತಿದ್ದ ಹುಡುಗ. ಒಂದೇ ಧಮ್ಮಿಗೆ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅವರು ನಕ್ಕರು. ಇವನೂ ನಕ್ಕ, ಕೆಮ್ಮು ತಡೆದುಕೊಂಡು ಇನ್ನೊಂದು ಎಳೆದ. ಅವರ ಜತೆ ನಿಲ್ಲಬೇಕಿತ್ತು, ಅಷ್ಟೇ ಅಲ್ವಾ?

ಬಿಡಿ ಸಿಗರೇಟು ಮಾರುವುದು ನಮ್ಮ ರಾಜ್ಯದಲ್ಲಿ ಅಪರಾಧ. 2025ರಲ್ಲಿ ಜಾರಿಗೆ ಬಂದ ತಂಬಾಕು ಕಾಯ್ದೆ ತಿದ್ದುಪಡಿಯ ಪ್ರಕಾರ 21 ವರ್ಷ ತುಂಬದವರಿಗೂ ಮಾರುವಂತಿಲ್ಲ. ಅಂದರೆ ನಿಮ್ಮ ಮಗನಿಗೆ ಅದನ್ನು ಕೊಟ್ಟ ಅಂಗಡಿಯವರೇ ತಪ್ಪು ಮಾಡಿದ್ದಾರೆ. ಪ್ಯಾಕ್ ಕೊಂಡರೆ ಜೇಬಿಗೆ ಬಿಸಿ ತಟ್ಟುತ್ತದೆ, ಅದರ ಶೇಕಡಾ 85 ಭಾಗ ತುಂಬಿದ ಎಚ್ಚರಿಕೆ ಚಿತ್ರವೂ ಕಣ್ಣಿಗೆ ಬೀಳುತ್ತದೆ. ಬಿಡಿ ಕೊಂಡ ಹುಡುಗನಿಗೆ ಎರಡೂ ಇಲ್ಲ.

ಹೊಡೆಯಬೇಡಿ. ಬ್ಯಾಗ್ ತಡಕಬೇಡಿ. ಸೊಪ್ಪು ಒಣಗಿಸುವ ಬ್ಯಾರನ್‌ಗೆ ಸೌದೆ ಹಾಕುತ್ತಾ ರಾತ್ರಿ ಎಚ್ಚರ ಇರುತ್ತೀರಲ್ಲ, ಆಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಖ ನೋಡದೆ ಬೆಂಕಿ ನೋಡುತ್ತಾ ಮಾತಾಡೋದು ಇಬ್ಬರಿಗೂ ಸುಲಭ. ಒಂದೇ ಒಂದು ಕೇಳಿ: ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಬೇಕು ಅನ್ನಿಸುತ್ತೆ? ಅರ್ಧ ಗಂಟೆಯೊಳಗೆ ಅಂದರೆ ಚಟ ಜಾಸ್ತಿಯೇ ಹಿಡಿದಿದೆ, ಸುಮ್ನೆ ಬೈದರೆ ಬಿಡಲ್ಲ. ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಅವನೇ ಫೋನ್ ಮಾಡಲಿ. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರ್ ಪ್ಯಾಕಿನ ಮೇಲೇ ಇರುತ್ತದೆ. ಬಿಡಿ ಸಿಗರೇಟು ಸೇದುವವನು ಅದನ್ನು ನೋಡಿರುವುದೇ ಇಲ್ಲ.

ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕುತ್ತಾನೆ, ನಿದ್ದೆ ಕೆಡುತ್ತದೆ. ಅದನ್ನು ಕೊಬ್ಬು ಅಂದುಕೊಳ್ಳಬೇಡಿ. ಆ ಮೂರು ದಿನ ಅವನು ಮನೆಯಲ್ಲೇ ಇರುವಂತೆ ನೋಡಿಕೊಳ್ಳಿ. ಆಮೇಲೆ ಏನಾಯಿತು ಅಂತ ನನಗೊಂದು ಕಾಗದ ಬರೆಯಿರಿ.