ಹಳೆಯ 150 ಸಿಸಿ ಬೈಕಿಗೆ ಬೇರೆ ಬೈಕಿನ ಫೋರ್ಕ್, ಡಿಸ್ಕ್ ಬ್ರೇಕ್, ಅಗಲವಾದ ಟೈರು, ಮೊನೊಶಾಕ್ ಹಾಕಿಸಬಹುದೇ?

ಮುಂದೆ ಡ್ರಮ್ ಬ್ರೇಕ್, ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವ ನಿಮ್ಮ 150 ಸಿಸಿ ಬೈಕಿಗೆ ದೊಡ್ಡ ಬೈಕೊಂದರ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ, ಸ್ಪ್ರಿಂಗ್ ಇರುವ ಎರಡು ಕಾಲುಗಳ ಜೋಡಣೆ) ಮತ್ತು ಡಿಸ್ಕ್ ಬ್ರೇಕನ್ನೂ, ಹಿಂದೆ 140 ಮಿ.ಮೀ. ಅಗಲದ ಟೈರು ಮತ್ತು ಮೊನೊಶಾಕನ್ನೂ (ಎರಡರ ಬದಲು ಒಂದೇ ಶಾಕ್ ಅಬ್ಸಾರ್ಬರ್) ಹಾಕಿಸಬೇಕೆಂದಿದ್ದೀರಿ. ಯಾವುದರಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಫೋರ್ಕ್ ಮತ್ತು ಡಿಸ್ಕ್ ಅಳತೆ ನೋಡಿ ಮಾಡಿದರೆ ಖಂಡಿತ ಆಗುವ ಕೆಲಸ. ಟೈರಿನ ಅಗಲವನ್ನು ಸ್ವಲ್ಪ ಇಳಿಸಿಕೊಳ್ಳಬೇಕು. ಮೊನೊಶಾಕ್ ಮಾತ್ರ ಬೇಡವೆಂದು ನೇರವಾಗಿ ಹೇಳುತ್ತೇನೆ.

ಬೇರೆ ಬೈಕಿನಿಂದ ತರುವಾಗ ಬಿಡಿಭಾಗಗಳನ್ನು ತರಬೇಡಿ, ಇಡೀ ಜೋಡಣೆಯನ್ನೇ ತನ್ನಿ. ಒಂದರ ಫೋರ್ಕ್, ಇನ್ನೊಂದರ ಚಕ್ರ, ಮತ್ತೊಂದರ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಎಂದು ಸಿಕ್ಕಿದ್ದನ್ನೆಲ್ಲ ಕೂಡಿಸುತ್ತ ಹೋದರೆ ಪ್ರತಿಯೊಂದು ಸಂದಿನಲ್ಲೂ ಒಂದು ಬುಷ್, ಒಂದು ಬ್ರಾಕೆಟ್, ಒಂದು ವಾಷರ್ ಮಾಡಿಸಬೇಕಾಗುತ್ತದೆ, ಅವುಗಳಲ್ಲಿ ಯಾವುದೊಂದು ತಪ್ಪಿದರೂ ಚಕ್ರ ನೇರ ನಿಲ್ಲುವುದಿಲ್ಲ. ಅದರ ಬದಲು ಫೋರ್ಕಿನ ಎರಡು ಕಾಲುಗಳು, ಅವುಗಳನ್ನು ಹಿಡಿದಿಡುವ ಮೇಲಿನ ಮತ್ತು ಕೆಳಗಿನ ಯೋಕ್, ಚಕ್ರ, ಆಕ್ಸಲ್, ಡಿಸ್ಕ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ (ಲಿವರ್ ಹಿಡಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಭಾಗ) ಇವೆಲ್ಲವೂ ಒಂದೇ ಬೈಕಿನಿಂದ ಬಂದರೆ, ಅವು ಒಂದಕ್ಕೊಂದು ಹೊಂದುತ್ತವೆ ಎಂಬುದನ್ನು ಅದನ್ನು ತಯಾರಿಸಿದವರು ಆಗಲೇ ನೋಡಿಕೊಂಡಿರುತ್ತಾರೆ. ನಿಮ್ಮ ಪಾಲಿಗೆ ಉಳಿಯುವುದು ಸ್ಟೀರಿಂಗ್ ಸ್ಟೆಮ್ (ಯೋಕಿಗೆ ಕೂಡಿಕೊಂಡಿರುವ, ಹ್ಯಾಂಡಲಿನೊಂದಿಗೆ ತಿರುಗುವ ದಂಡ) ಫ್ರೇಮಿನೊಳಗೆ ಕೂರುವ ಜಾಗವೊಂದೇ. ನಾರ್ಟನ್ ಕಂಪನಿ 1950ರಲ್ಲಿ ರೇಸಿಗೆ ಇಳಿಸಿದ ಫೆದರ್‌ಬೆಡ್ ಫ್ರೇಮಿಗೆ ಟ್ರಯಂಫ್‌ನ ಎರಡು ಸಿಲಿಂಡರಿನ ಎಂಜಿನ್ ಕೂರಿಸಿ ಬ್ರಿಟನ್ನಿನ ಹವ್ಯಾಸಿಗಳು ಕಟ್ಟಿದ ಟ್ರೈಟನ್ ಬೈಕುಗಳು ಇಂದಿಗೂ ಹೆಸರುವಾಸಿ. ಅವುಗಳಲ್ಲಿಯೂ ಫ್ರೇಮ್ ಮತ್ತು ಎಂಜಿನ್ ಎಂಬ ಎರಡು ದೊಡ್ಡ ಜೋಡಣೆಗಳು ಆಯಾ ಕಂಪನಿಯದಾಗಿಯೇ ಉಳಿದಿದ್ದವು; ಹೊಸದಾಗಿ ಮಾಡಬೇಕಾಗುತ್ತಿದ್ದುದು ಮುಖ್ಯವಾಗಿ ಅವೆರಡರ ನಡುವಿನ ಎಂಜಿನ್ ಪ್ಲೇಟುಗಳನ್ನು.

ಸ್ಟೆಮ್ಮಿನ ವಿಷಯದಲ್ಲಿ ವರ್ನಿಯರ್ ಹಿಡಿದು ಮೂರು ಅಳತೆಗಳನ್ನು ತೆಗೆದುಕೊಳ್ಳಿ: ಫ್ರೇಮಿನ ಸ್ಟೀರಿಂಗ್ ಕೊಳವೆಯ ಎತ್ತರ, ಅದರ ಎರಡೂ ತುದಿಗಳಲ್ಲಿ ಬೇರಿಂಗ್ ಕೂರುವ ಜಾಗದ ಒಳವ್ಯಾಸ, ಮತ್ತು ಹೊಸ ಸ್ಟೆಮ್ಮಿನ ಹೊರವ್ಯಾಸ. ಹೊರಗಡೆ ನಿಮ್ಮ ಫ್ರೇಮಿಗೂ ಒಳಗಡೆ ಹೊಸ ಸ್ಟೆಮ್ಮಿಗೂ ಹೊಂದುವ ಟೇಪರ್ ರೋಲರ್ ಬೇರಿಂಗ್ ಸಿಕ್ಕರೆ ಕೆಲಸ ಸುಲಭ. ಸಿಗದಿದ್ದರೆ ಹೊಸ ಯೋಕಿನಿಂದ ಅದರ ಸ್ಟೆಮ್ಮನ್ನು ಪ್ರೆಸ್ಸಿನಲ್ಲಿ ಹೊರತೆಗೆದು, ನಿಮ್ಮ ಹಳೆಯ ಸ್ಟೆಮ್ಮನ್ನು ಲೇಥಿನಲ್ಲಿ ತಯಾರಿಸಿದ ಬಿಗಿಯಾದ ಬುಷ್ಷಿನೊಂದಿಗೆ ಅಲ್ಲಿಗೆ ಒತ್ತಿ ಕೂರಿಸಬೇಕು. ಯೋಕ್ ಅಲ್ಯೂಮಿನಿಯಮ್ಮಿನದು, ಸ್ಟೆಮ್ ಉಕ್ಕಿನದು ಆಗಿದ್ದಾಗ ಯಾರಾದರೂ ವೆಲ್ಡ್ ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ, ಆ ಎರಡು ಲೋಹಗಳು ಸಾಮಾನ್ಯ ವೆಲ್ಡಿಂಗಿನಲ್ಲಿ ಬೆಸೆದುಕೊಳ್ಳುವುದಿಲ್ಲ.

ಇಷ್ಟಾದ ಮೇಲೆ ಫೋರ್ಕ್ ಬೈಕಿಗೆ ಕೂರುತ್ತದೆ, ಆದರೆ ಕೂತ ಮಾತ್ರಕ್ಕೆ ಸರಿಯಾಗಿದೆ ಎಂದಾಗಲಿಲ್ಲ. ಹ್ಯಾಂಡಲ್ ತಿರುಗುವ ಅಕ್ಷವನ್ನು ಮನಸ್ಸಿನಲ್ಲೇ ನೆಲದವರೆಗೆ ಎಳೆಯಿರಿ. ಅದು ನೆಲ ಮುಟ್ಟುವ ಬಿಂದುವು ಟೈರು ನೆಲ ಮುಟ್ಟುವ ಬಿಂದುವಿಗಿಂತ ಮುಂದಿರುತ್ತದೆ. ಈ ಎರಡು ಬಿಂದುಗಳ ನಡುವಿನ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ, ಬೈಕ್ ತಾನಾಗಿ ನೇರಕ್ಕೆ ಬರುವುದರಲ್ಲಿ ಇದರ ಪಾಲು ದೊಡ್ಡದು. ಸಾಮಾನ್ಯ ರಸ್ತೆ ಬೈಕುಗಳಲ್ಲಿ ಇದು ಸುಮಾರು 90ರಿಂದ 110 ಮಿ.ಮೀ. ಇರುತ್ತದೆ. ಚಕ್ರದ ತ್ರಿಜ್ಯ 300 ಮಿ.ಮೀ., ಲಂಬದಿಂದ ಸ್ಟೀರಿಂಗಿನ ಓರೆ 25 ಡಿಗ್ರಿ, ಸ್ಟೆಮ್ಮಿನಿಂದ ಫೋರ್ಕ್ ಕಾಲುಗಳು ಮುಂದಕ್ಕಿರುವ ದೂರ, ಅಂದರೆ ಆಫ್‌ಸೆಟ್, 35 ಮಿ.ಮೀ. ಎಂದು ಇಟ್ಟುಕೊಂಡರೆ ಟ್ರೇಲ್ ಸುಮಾರು 101 ಮಿ.ಮೀ. ಬರುತ್ತದೆ. ಹೊಸ ಯೋಕಿನ ಆಫ್‌ಸೆಟ್ 50 ಮಿ.ಮೀ. ಆಗಿದ್ದರೆ ಅದೇ ಟ್ರೇಲ್ 85ಕ್ಕೆ ಇಳಿಯುತ್ತದೆ. ಅದರ ಮೇಲೆ ಹೊಸ ಫೋರ್ಕ್ ಗಿಡ್ಡವಾಗಿದ್ದು ಬೈಕಿನ ಮುಂಭಾಗ 25 ಮಿ.ಮೀ. ತಗ್ಗಿದರೆ, 1300 ಮಿ.ಮೀ. ವೀಲ್‌ಬೇಸಿನ (ಎರಡು ಆಕ್ಸಲ್ಲುಗಳ ನಡುವಿನ ದೂರ) ಬೈಕಿನಲ್ಲಿ ಓರೆಯೂ ಒಂದು ಡಿಗ್ರಿಯಷ್ಟು ಕಡಿಮೆಯಾಗಿ ಟ್ರೇಲ್ 80ರ ಒಳಗೆ ಬಂದುಬಿಡುತ್ತದೆ. ಕಣ್ಣಿಗೆ ಬೈಕ್ ಚೆನ್ನಾಗಿಯೇ ಕಾಣುತ್ತದೆ, ನಿಧಾನವಾಗಿ ಓಡಿಸುವಾಗ ಹಗುರವೆನಿಸಿ ಸಂತೋಷವೂ ಆಗುತ್ತದೆ. ಆದರೆ ವೇಗ ಏರಿ ಹಳ್ಳವೊಂದಕ್ಕೆ ಚಕ್ರ ಬಿದ್ದಾಗ ಹ್ಯಾಂಡಲ್ ಕೈಯಲ್ಲಿ ನಡುಗಲು ಆರಂಭಿಸಬಹುದು. ಆದ್ದರಿಂದ ಹಣ ಕೊಡುವ ಮೊದಲೇ ಹೊಸ ಫೋರ್ಕಿನ ಆಕ್ಸಲ್ ಮಧ್ಯದಿಂದ ಕೆಳಗಿನ ಯೋಕಿನವರೆಗಿನ ಉದ್ದವನ್ನೂ ಯೋಕಿನ ಆಫ್‌ಸೆಟ್ಟನ್ನೂ ಅಳೆದು ನಿಮ್ಮ ಹಳೆಯದರೊಂದಿಗೆ ಹೋಲಿಸಿ. ಉದ್ದದಲ್ಲಿ ಹತ್ತು ಮಿ.ಮೀ. ಹೆಚ್ಚು ಕಡಿಮೆಯಿದ್ದರೆ ಫೋರ್ಕ್ ಕಾಲುಗಳನ್ನು ಯೋಕಿನಲ್ಲಿ ಮೇಲೆ ಕೆಳಗೆ ಸರಿಸಿ ಹೊಂದಿಸಬಹುದು. ಆಫ್‌ಸೆಟ್ಟಿಗೆ ಅಂಥ ದಾರಿಯಿಲ್ಲ.

ದೊಡ್ಡ ಬೈಕಿನ ಫೋರ್ಕಿನಲ್ಲಿರುವ ಸ್ಪ್ರಿಂಗ್ ಆ ಬೈಕಿನ ತೂಕಕ್ಕೆ ಮಾಡಿದ್ದು ಎಂಬುದನ್ನೂ ನೆನಪಿನಲ್ಲಿಡಿ. ನೀವು ಬೈಕಿನ ಮೇಲೆ ಕುಳಿತಾಗ ಫೋರ್ಕ್ ತನ್ನ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ತಗ್ಗಬೇಕು. ಅಷ್ಟು ತಗ್ಗದಿದ್ದರೆ ಮೆದುವಾದ ಸ್ಪ್ರಿಂಗ್ ಹಾಕಿಸುವುದೇ ಪರಿಹಾರ. ಎಣ್ಣೆ ಬದಲಿಸಿದರೆ ಫೋರ್ಕ್ ಚಲಿಸುವ ವೇಗ ಬದಲಾಗುತ್ತದೆಯೇ ಹೊರತು ಸ್ಪ್ರಿಂಗಿನ ಬಿಗಿ ಬದಲಾಗುವುದಿಲ್ಲ.

ಇಡೀ ಜೋಡಣೆ ಸಿಗದೆ ಚಕ್ರ ಮಾತ್ರ ಬೇರೆ ಬೈಕಿನದಾದರೆ ಆಕ್ಸಲ್ಲಿನ ವ್ಯಾಸ ಹೊಂದದಿರುವುದೇ ಹೆಚ್ಚು. ಅದಕ್ಕೆ ಹಬ್ ಕೊರೆಸುವ ಅಗತ್ಯ ಎಷ್ಟೋ ಸಲ ಬೀಳುವುದಿಲ್ಲ. ಉದಾಹರಣೆಗೆ, 6202 ಸಂಖ್ಯೆಯ ಬೇರಿಂಗಿನ ಒಳವ್ಯಾಸ 15, ಹೊರವ್ಯಾಸ 35, ದಪ್ಪ 11 ಮಿ.ಮೀ.; 6003ರ ಒಳವ್ಯಾಸ 17, ಹೊರವ್ಯಾಸ ಅದೇ 35, ದಪ್ಪ 10 ಮಿ.ಮೀ. ಎಂದರೆ 15ರ ಆಕ್ಸಲ್ಲಿನ ಹಬ್‌ಗೆ 17ರ ಆಕ್ಸಲ್ ಹಾಕಲು ಬೇರಿಂಗ್ ಬದಲಿಸಿದರೆ ಸಾಕು, ಆದರೆ ಪ್ರತಿ ಬದಿಯಲ್ಲೂ ಕಡಿಮೆಯಾದ ಒಂದೊಂದು ಮಿ.ಮೀ. ದಪ್ಪವನ್ನು ತುಂಬಿಕೊಡಲೇಬೇಕು. ಎರಡು ಬೇರಿಂಗುಗಳ ನಡುವೆ ಇರುವ ಕೊಳವೆಯಂಥ ಸ್ಪೇಸರನ್ನೂ 17ರ ಆಕ್ಸಲ್ ತೂರುವಂತೆ ಹೊಸದಾಗಿ ಮಾಡಿಸಬೇಕು. ಅದರ ಉದ್ದ ಕಡಿಮೆಯಾದರೆ ಆಕ್ಸಲ್ ಬಿಗಿಯುವಾಗ ಬೇರಿಂಗುಗಳು ಒಳಕ್ಕೆ ಒತ್ತಿಕೊಂಡು ಬೇಗ ಹಾಳಾಗುತ್ತವೆ.

ಬ್ರೇಕಿನಲ್ಲಿ ಜನ ನೋಡುವುದು ಡಿಸ್ಕಿನ ಗಾತ್ರವನ್ನು. ಅದರಷ್ಟೇ ಮುಖ್ಯವಾದದ್ದು ಮಾಸ್ಟರ್ ಸಿಲಿಂಡರಿಗೂ ಕ್ಯಾಲಿಪರಿನ ಪಿಸ್ಟನ್ನುಗಳಿಗೂ ಇರುವ ವಿಸ್ತೀರ್ಣದ ಅನುಪಾತ. 27 ಮಿ.ಮೀ.ನ ಎರಡು ಪಿಸ್ಟನ್ನುಗಳಿರುವ ಕ್ಯಾಲಿಪರಿಗೆ 12.7 ಮಿ.ಮೀ.ನ ಮಾಸ್ಟರ್ ಸಿಲಿಂಡರ್ ಇದ್ದರೆ ಅನುಪಾತ ಸುಮಾರು 9. ಎರಡು ಡಿಸ್ಕಿನ ಬೈಕಿನಿಂದ ಜೋಡಣೆ ತಂದು, ಹಗುರವಾಗಲಿ ಎಂದು ಒಂದೇ ಡಿಸ್ಕ್ ಉಳಿಸಿಕೊಂಡು, ಅದರ 15.9 ಮಿ.ಮೀ.ನ ಮಾಸ್ಟರ್ ಸಿಲಿಂಡರನ್ನು ಹಾಗೆಯೇ ಬಿಟ್ಟರೆ ಅನುಪಾತ 6ಕ್ಕಿಂತ ಕೆಳಗಿಳಿಯುತ್ತದೆ. ಆಗ ಲಿವರ್ ಕೈಗೆ ಗಟ್ಟಿಯಾಗಿ ಸಿಕ್ಕು ಬ್ರೇಕ್ ಬಲವಾಗಿದೆ ಎಂದೇ ತೋರುತ್ತದೆ, ಆದರೆ ಅಷ್ಟೇ ಬೇಗ ನಿಲ್ಲಿಸಲು ಲಿವರನ್ನು ಒಂದೂವರೆ ಪಟ್ಟಿಗಿಂತ ಹೆಚ್ಚು ಬಲದಿಂದ ಹಿಡಿಯಬೇಕಾಗುತ್ತದೆ. ಹೋಸ್ ಜೋಡಿಸುವ ಬ್ಯಾಂಜೊ ಬೋಲ್ಟಿನಲ್ಲಿ 10 ಮಿ.ಮೀ. ವ್ಯಾಸಕ್ಕೇ 1.0 ಮತ್ತು 1.25 ಮಿ.ಮೀ. ಅಂತರದ ಎರಡು ಬಗೆಯ ಮರೆಗಳಿವೆ (ಥ್ರೆಡ್). ಕೈಯಿಂದ ಸಲೀಸಾಗಿ ತಿರುಗದ ಬೋಲ್ಟನ್ನು ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಬೇಡಿ.

ಟೈರಿನ ಅಗಲವನ್ನು ನಿರ್ಧರಿಸಬೇಕಾದದ್ದು ರಿಮ್ಮಿನ ಅಗಲ. 140ರ ಟೈರಿಗೆ ಸುಮಾರು 4 ಇಂಚು ಅಗಲದ ರಿಮ್ ಬೇಕು, ನಿಮ್ಮಂಥ ಬೈಕುಗಳ ರಿಮ್ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಿರಿದು. ಕಿರಿದಾದ ರಿಮ್ಮಿಗೆ ಅಗಲವಾದ ಟೈರು ಹಾಕಿದರೆ ಅದರ ಅಂಚುಗಳು ಒಳಕ್ಕೆ ಹಿಂಡಿಕೊಂಡು ಮೈ ಉಬ್ಬುತ್ತದೆ, ತಯಾರಕರು ಉದ್ದೇಶಿಸಿದ ಆಕಾರದಲ್ಲಿ ಅದು ನೆಲ ಮುಟ್ಟುವುದಿಲ್ಲ, ಒಂದು ಪಕ್ಕದಲ್ಲಿ ಚೈನಿಗೂ ತಾಗುತ್ತದೆ. ನಿಮ್ಮ ರಿಮ್ಮಿಗೆ ಟೈರು ತಯಾರಕರು ಅನುಮತಿಸುವ ಅತಿ ಅಗಲದ ಅಳತೆಯಲ್ಲಿಯೇ ನಿಲ್ಲಿ. ಹಿಂದಿನ ಚಕ್ರವನ್ನೇ ಬದಲಿಸುವುದಾದರೆ ಸ್ಪ್ರಾಕೆಟ್ಟನ್ನೂ ನೋಡಿ: 428 ಚೈನಿನ ಪಿಚ್ (ಒಂದು ಪಿನ್ನಿನಿಂದ ಮುಂದಿನದಕ್ಕಿರುವ ದೂರ) 12.7 ಮಿ.ಮೀ., 520ರದ್ದು 15.875 ಮಿ.ಮೀ., ಒಂದರ ಹಲ್ಲಿಗೆ ಇನ್ನೊಂದು ಕೂರುವುದಿಲ್ಲ.

ಮೊನೊಶಾಕ್ ಬೇಡವೆಂದದ್ದಕ್ಕೆ ಕಾರಣ ಫ್ರೇಮಿನಲ್ಲಿದೆ. ಎರಡು ಶಾಕ್ ಅಬ್ಸಾರ್ಬರ್ ಇರುವ ಬೈಕಿನಲ್ಲಿ ಅವು ಹಿಂದಿನ ಆಕ್ಸಲ್ಲಿಗೆ ಹತ್ತಿರ ನಿಂತಿರುತ್ತವೆ, ಆದ್ದರಿಂದ ಚಕ್ರ ಎಷ್ಟು ಏರುತ್ತದೋ ಶಾಕ್ ಹೆಚ್ಚು ಕಡಿಮೆ ಅಷ್ಟೇ ಒತ್ತಿಕೊಳ್ಳುತ್ತದೆ, ಆ ಭಾರವನ್ನು ಸೀಟಿನ ಕೆಳಗಿನ ಎರಡು ಬಿಂದುಗಳು ಹಂಚಿಕೊಳ್ಳುತ್ತವೆ. ಮೊನೊಶಾಕ್ ಸ್ವಿಂಗ್ ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮುಂಭಾಗದಲ್ಲಿ ಕೂರುವುದರಿಂದ ಚಕ್ರದ ಚಲನೆ ಅದರ ಚಲನೆಯ ಎರಡು ಮೂರು ಪಟ್ಟು ಇರುತ್ತದೆ. ಶಾಕಿನ ಮೇಲೆ, ಅದನ್ನು ಹಿಡಿದಿರುವ ಫ್ರೇಮಿನ ಒಂದೇ ಜಾಗದ ಮೇಲೆ ಬೀಳುವ ಬಲವೂ ಅಷ್ಟೇ ಪಟ್ಟು ಹೆಚ್ಚಾಗುತ್ತದೆ. ನಿಮ್ಮ ಫ್ರೇಮಿನ ಆ ಜಾಗದಲ್ಲಿರುವ ಕೊಳವೆ ಇಂಥ ಭಾರವನ್ನು ಹೊರಲು ಮಾಡಿದ್ದಲ್ಲ. ಅಲ್ಲಿಗೆ ಒಂದು ತುಂಡು ಕಬ್ಬಿಣ ವೆಲ್ಡ್ ಮಾಡಿ ಶಾಕ್ ನೇತುಹಾಕಿದರೆ ವೆಲ್ಡಿನ ಪಕ್ಕದಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಬಣ್ಣದ ಕೆಳಗೆ ಕಾಣದಂತೆ ಬೆಳೆಯುತ್ತ ಹೋಗಬಹುದು. ಹಿಂಬದಿ ಸವಾರರನ್ನು ಕೂರಿಸಿಕೊಂಡು ಓಡಾಡುವ ಬೈಕಿಗೆ ಈ ಕೆಲಸವನ್ನು ನಾನು ಮಾಡಿಕೊಡುವುದಿಲ್ಲ. ಈಗಿರುವಷ್ಟೇ ಉದ್ದದ, ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗಿನ, ಒಳ್ಳೆಯ ಗುಣಮಟ್ಟದ ಎರಡು ಶಾಕ್ ಅಬ್ಸಾರ್ಬರ್ ಹಾಕಿಸಿ. ನೀವು ಬಯಸುತ್ತಿರುವ ಹಿತವಾದ ಸವಾರಿ ಅದರಲ್ಲೇ ಸಿಗುತ್ತದೆ.

ಹಾಗಾಗಿ ಮುಂಭಾಗದಿಂದಲೇ ಆರಂಭಿಸಿ. ಎಲ್ಲ ಕೂಡಿಸಿದ ಮೇಲೆ ಬಣ್ಣ ಬಳಿಸುವ ಮೊದಲು ಫೋರ್ಕಿನ ಸ್ಪ್ರಿಂಗುಗಳನ್ನು ಹೊರತೆಗೆದು, ಬೈಕಿನ ಮುಂಭಾಗವನ್ನು ಪೂರ್ತಿ ಕೆಳಗೆ ಇಳಿಸಿ ನೋಡಿ: ಟೈರು ಸೈಲೆನ್ಸರಿನ ಕೊಳವೆಗಾಗಲಿ ಕೆಳಗಿನ ಯೋಕಿಗಾಗಲಿ ತಾಗಬಾರದು. ಅದೇ ಸ್ಥಿತಿಯಲ್ಲಿ ಹ್ಯಾಂಡಲನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ. ಫೋರ್ಕ್ ಟ್ಯಾಂಕಿಗೆ ಬಡಿಯುವ ಮೊದಲೇ ಸ್ಟೀರಿಂಗಿನ ತಡೆ ಅದನ್ನು ನಿಲ್ಲಿಸಬೇಕು, ಬ್ರೇಕ್ ಹೋಸ್ ಮತ್ತು ಕ್ಲಚ್ ಕೇಬಲ್ ಎಲ್ಲಿಯೂ ಎಳೆದುಕೊಳ್ಳಬಾರದು. ಮಾರ್ಪಾಡನ್ನು ದಾಖಲೆಗಳಲ್ಲಿ ನಮೂದಿಸಬೇಕೆಂಬ ನಿಯಮ ನಿಮ್ಮಲ್ಲಿದ್ದರೆ ಅದನ್ನೂ ವಿಮೆಯ ಷರತ್ತುಗಳನ್ನೂ ಬಿಡಿಭಾಗ ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳಿ. ಮೊದಲ ಕೆಲವು ದಿನ ನಿಧಾನವಾಗಿ ಓಡಿಸಿ, ನಂತರ ಯೋಕ್, ಆಕ್ಸಲ್ ಮತ್ತು ಕ್ಯಾಲಿಪರಿನ ಬೋಲ್ಟುಗಳ ಬಿಗಿಯನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ನಿಮ್ಮ ಫ್ರೇಮಿನ ಮತ್ತು ಕೊಳ್ಳಬೇಕೆಂದಿರುವ ಫೋರ್ಕಿನ ಅಳತೆಗಳನ್ನು ಇಲ್ಲಿ ಬರೆದರೆ ಟ್ರೇಲ್ ಎಷ್ಟಾಗುತ್ತದೆಂದು ಲೆಕ್ಕ ಹಾಕಿ ತಿಳಿಸುತ್ತೇನೆ.