ಸಂಪಾದಕರ ಉತ್ತರ: ಸೈರ್ ದೇಶ ಹಾಳಾಗಿದ್ದು ಯಾಕೆ ಅಂತ ಯಾರು ಹೇಳಬೇಕು?

ಚಿಕ್ಕಮಗಳೂರಿನ ಓದುಗರೊಬ್ಬರು ಬರೆದ ಉದ್ದನೆಯ ಪತ್ರದ ಸಾರ ಇದು. ಅವರು ಭಾನುವಾರ ಸಂಜೆ ನಾಲ್ವರು ಗೆಳೆಯರನ್ನು ಕೂರಿಸಿಕೊಂಡು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ನಡೆಸುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ, ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಕಥೆ ನಡೆಯುವುದು ಎಬೆರಾನ್ ಎಂಬ ಕಲ್ಪನೆಯ ಲೋಕದಲ್ಲಿ. ಅಲ್ಲಿ ಸೈರ್ ಎಂಬ ಇಡೀ ದೇಶ ಒಂದೇ ದಿನದಲ್ಲಿ ಹಾಳಾಗಿದೆ. ಯಾಕೆ ಎಂದು ಆಟದ ಪುಸ್ತಕ ಹೇಳುವುದಿಲ್ಲ. ಆಟಗಾರರು ಬೇರೆಲ್ಲ ಬಿಟ್ಟು ಈಗ ಅದನ್ನೇ ಹಿಡಿದು ಕೂತಿದ್ದಾರೆ. "ಉತ್ತರ ನಾನೇ ಕಟ್ಟಬಹುದಾ? ನಾಳೆ ಕಂಪನಿಯವರು ಬೇರೆ ಉತ್ತರ ಅಚ್ಚು ಹಾಕಿದರೆ ಏನು ಮಾಡಲಿ? ನಮ್ಮಲ್ಲಿ ಒಬ್ಬ ಎಲ್ಲ ಪುಸ್ತಕ ಓದಿಕೊಂಡಿದ್ದಾನೆ, ಅವನ ಮುಂದೆ ನನ್ನ ಮರ್ಯಾದೆ ಹೋಗಲ್ವಾ?" ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದೂ ಬರೆದಿದ್ದಾರೆ.

ಪ್ರಿಯ ಓದುಗರೇ,

ಕಟ್ಟಬಹುದು. ಆ ಜಾಗವನ್ನು ನಿಮಗೆಂದೇ ಖಾಲಿ ಬಿಟ್ಟಿದ್ದಾರೆ.

ಕಂಪನಿಯ ಭಯವನ್ನು ಮೊದಲು ಕಳೆದುಬಿಡೋಣ. 2002ರಲ್ಲಿ ಈ ಆಟವನ್ನು ಹೊರತರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಹೊಸ ಲೋಕಕ್ಕಾಗಿ ಸ್ಪರ್ಧೆ ಇಟ್ಟಿತ್ತು. ಬಂದ 11,000ಕ್ಕೂ ಹೆಚ್ಚು ಪ್ರಸ್ತಾಪಗಳಲ್ಲಿ ಗೆದ್ದಿದ್ದು ಕೀತ್ ಬೇಕರ್ ಅವರ ಎಬೆರಾನ್. ಮೊದಲ ಪುಸ್ತಕ ಬಂದಿದ್ದು 2004ರಲ್ಲಿ. ಆ ಲೋಕದ ಪಂಚಾಂಗದ ಪ್ರಕಾರ ಸೈರ್ ಹಾಳಾಗಿದ್ದು 994ರಲ್ಲಿ, ಅಲ್ಲಿನ ಐದು ದೇಶಗಳ ಯುದ್ಧ ನಿಂತಿದ್ದು 996ರಲ್ಲಿ, ನಮ್ಮ ಆಟ ಶುರುವಾಗುವುದು 998ರಲ್ಲಿ. 2009ರಲ್ಲಿ ಹೊಸ ಆವೃತ್ತಿ ಬಂತು, ಆಗಲೂ 998. 2019ರಲ್ಲಿ ಮತ್ತೊಂದು ಬಂತು, ಅದೂ 998. ಗಡಿಯಾರವನ್ನು ಬೇಕಂತಲೇ ನಿಲ್ಲಿಸಿದ್ದಾರೆ. ಸೈರ್ ಕಥೆಗೆ ಅಧಿಕೃತ ಉತ್ತರ ಬರುವುದಿಲ್ಲ, ಅದು ಪ್ರತಿ ಟೇಬಲ್‌ನವರು ತೀರ್ಮಾನಿಸುವ ವಿಷಯ ಎಂದು ಬೇಕರ್ ಕೂಡ ಹೇಳುತ್ತಲೇ ಬಂದಿದ್ದಾರೆ.

ಎಲ್ಲ ಲೋಕಗಳೂ ಹೀಗಿಲ್ಲ. ಇದೇ ಆಟದ ಇನ್ನೊಂದು ಲೋಕವಾದ ಫರ್ಗಾಟನ್ ರೆಲ್ಮ್ಸ್ ಆಡುತ್ತಿದ್ದವರು 2008ರ ಆವೃತ್ತಿ ತೆರೆದಾಗ ಕಥೆ ಸುಮಾರು ನೂರು ವರ್ಷ ಮುಂದೆ ಹಾರಿತ್ತು. ತಮ್ಮ ಪಾತ್ರಗಳಿಗೆ ಗೊತ್ತಿದ್ದವರಲ್ಲಿ ಹೆಚ್ಚಿನವರು ಸತ್ತುಹೋಗಿದ್ದರು. 1977ರಲ್ಲಿ ಬಂದ 'ಟ್ರಾವೆಲರ್' ಎಂಬ ಬಾಹ್ಯಾಕಾಶದ ಆಟದಲ್ಲಿ 'ಏನ್ಶಿಯೆಂಟ್ಸ್' ಎಂಬ ಕಾಣೆಯಾದ ಜನಾಂಗದ ಗುಟ್ಟು ಇತ್ತು. ಅದನ್ನು ಆ ಆಟದ ಕಂಪನಿಯೇ 1984ರಲ್ಲಿ ಒಂದು ಸಾಹಸ ಪುಸ್ತಕದಲ್ಲಿ ಬಿಚ್ಚಿಟ್ಟಿತು. ಅಷ್ಟರಲ್ಲಿ ತಮ್ಮದೇ ಉತ್ತರ ಇಟ್ಟುಕೊಂಡು ಆಡಿದ್ದವರು ಏನು ಮಾಡಬೇಕಿತ್ತು? ಏನೂ ಇಲ್ಲ, ತಮ್ಮ ಆಟ ಮುಂದುವರಿಸಬೇಕಿತ್ತು ಅಷ್ಟೇ. ನಿಮ್ಮ ಟೇಬಲ್ ಮೇಲೆ ನಡೆದದ್ದನ್ನು ಅಳಿಸೋಕೆ ಯಾವ ಕಂಪನಿಯೂ ಚಿಕ್ಕಮಗಳೂರಿಗೆ ಬರುವುದಿಲ್ಲ.

ಇನ್ನು ನಿಜವಾದ ಪ್ರಶ್ನೆಗೆ ಬರುತ್ತೇನೆ. ಪುಸ್ತಕದಲ್ಲಿ ಉತ್ತರವಿಲ್ಲದ ಗುಟ್ಟೆಲ್ಲ ಬಿಚ್ಚಲು ಯೋಗ್ಯ ಅಂತೇನೂ ಅಲ್ಲ. 1994ರಲ್ಲಿ ಬಂದ ಪ್ಲೇನ್‌ಸ್ಕೇಪ್ ಎಂಬ ಇನ್ನೊಂದು ಲೋಕದಲ್ಲಿ ಸಿಗಿಲ್ ಎಂಬ ನಗರ ಇದೆ. ಅದರ ಒಡತಿ 'ಲೇಡಿ ಆಫ್ ಪೇಯ್ನ್'. ಮಾತಾಡುವುದಿಲ್ಲ, ಪೂಜೆ ಮಾಡಿದರೆ ಸಹಿಸುವುದಿಲ್ಲ, ದೇವರುಗಳನ್ನೂ ಊರೊಳಗೆ ಬಿಡುವುದಿಲ್ಲ. ಅವಳು ಯಾರು ಎಂದು ಯಾವ ಪುಸ್ತಕವೂ ಹೇಳಿಲ್ಲ. ಹೇಳಿದರೆ ಏನು ಸಿಗುತ್ತೆ? ಒಂದು ಹೆಸರು, ಒಂದು ಹಳೇ ಕಥೆ. ಆಟಗಾರರು "ಹೌದಾ" ಅಂತಾರೆ, ಮುಂದಕ್ಕೆ ಹೋಗುತ್ತಾರೆ. ಅವಳ ಭಯ ಮಾತ್ರ ಹೋಗಿರುತ್ತೆ. ರೇವನ್‌ಲಾಫ್ಟ್ ಎಂಬ ಭಯಾನಕ ಲೋಕವನ್ನು ಮರೆಯಲ್ಲಿ ನಿಂತು ಆಳುವ 'ಡಾರ್ಕ್ ಪವರ್ಸ್' ಎಂಬ ಶಕ್ತಿಗಳು ಕೂಡ ಇದೇ ಜಾತಿ. ಇಂಥದ್ದನ್ನು ಮುಟ್ಟಬೇಡಿ.

ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಉತ್ತರ ಗೊತ್ತಾದ ಮರುದಿನ ಬೆಳಿಗ್ಗೆ ಪಾತ್ರಗಳಿಗೆ ಕೆಲಸ ಜಾಸ್ತಿ ಆಗುತ್ತಾ, ಕಡಿಮೆ ಆಗುತ್ತಾ? ಲೇಡಿ ವಿಷಯದಲ್ಲಿ ಕಡಿಮೆ. ಸೈರ್ ವಿಷಯದಲ್ಲಿ ವಿಪರೀತ ಜಾಸ್ತಿ.

ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಚ್ಚಿನ ಡಿಎಂಗಳು, ಅಂದರೆ ಆಟ ನಡೆಸುವವರು, ಇಲ್ಲೇ ಅವಸರ ಮಾಡುತ್ತಾರೆ. ಒಂದೇ ಸಿಂಹಾಸನಕ್ಕಾಗಿ ಐದು ದೇಶಗಳು ನೂರು ವರ್ಷ ಕಿತ್ತಾಡಿವೆ. ಅದರಲ್ಲಿ ಒಂದು ದೇಶ ಬೂದು ಮಂಜಿನ ಗೋಡೆಯೊಳಗೆ ಸತ್ತುಬಿದ್ದಿದೆ. ಒಳಗೆ ಹೆಣ ಕೊಳೆಯುವುದಿಲ್ಲ, ಗಾಯ ತಾನಾಗಿ ಮಾಯುವುದಿಲ್ಲ. ಉಳಿದವರು ಹೆದರಿ ಎರಡು ವರ್ಷದಲ್ಲಿ ಒಪ್ಪಂದ ಮಾಡಿಕೊಂಡರು. ಈ ಒಪ್ಪಂದ ನಿಂತಿರುವುದು ಪ್ರೀತಿಯಿಂದಲ್ಲ, ಯಾರಿಗೂ ಕಾರಣ ಗೊತ್ತಿಲ್ಲ ಅನ್ನುವುದರಿಂದ. ಅದು ಪಕ್ಕದ ದೇಶದ ಆಯುಧವಾಗಿದ್ದರೆ? ನಾವೇ ಯುದ್ಧದಲ್ಲಿ ಮಾಡಿದ ಮಾಟಮಂತ್ರ ಜಾಸ್ತಿಯಾಗಿ ಹಾಗಾಗಿದ್ದರೆ? ಇನ್ನೊಂದು ಸಲ ಯುದ್ಧ ಮಾಡಿದರೆ ಮುಂದಿನ ಸರದಿ ನಮ್ಮದಾದರೆ? ಈ ಹೆದರಿಕೆಯೇ ಕತ್ತಿಗಳನ್ನು ಒರೆಯಲ್ಲಿ ಇಟ್ಟಿದೆ.

ಹಾಗಾದರೆ ನಿಮ್ಮ ಆಟಗಾರರು ಹುಡುಕುತ್ತಿರುವುದು ಹಳೇ ಕೊಲೆಯ ಸುಳಿವನ್ನಲ್ಲ. ಶಾಂತಿಗೆ ಕೊಟ್ಟಿರುವ ಊರುಗೋಲನ್ನೇ ಕಿತ್ತುಕೊಳ್ಳಲು ಹೊರಟಿದ್ದಾರೆ. ಕಾರಣ ಗೊತ್ತಾದರೆ ಯಾರೋ ಒಬ್ಬರು ಧೈರ್ಯವಾಗಿ ಮತ್ತೆ ಯುದ್ಧಕ್ಕೆ ಇಳಿಯುತ್ತಾರೆ. ಆದ್ದರಿಂದ "ಸೈರ್‌ಗೆ ಏನಾಯ್ತು" ಅನ್ನುವುದರ ಜೊತೆಗೇ "ಇದು ಯಾರಿಗೆ ಗೊತ್ತಾಗಬಾರದು" ಅನ್ನುವುದನ್ನೂ ಬರೆದುಕೊಳ್ಳಿ. ಎರಡನೆಯದರಿಂದ ನಿಮಗೆ ಹತ್ತು ಭಾನುವಾರದ ಆಟ ಸಿಗುತ್ತದೆ. ಮೊದಲನೆಯದರಿಂದ ಬರೀ ಒಂದು ಭಾಷಣ.

ಒಂದು ಉದಾಹರಣೆ ಕೊಡುತ್ತೇನೆ. ಸೈರ್‌ನವರೇ ಮಾಡಿದ ಆಯುಧ ಕೈಕೊಟ್ಟಿತು ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಊಹೆ. ತಪ್ಪೇನಿಲ್ಲ, ಆದರೆ ತಪ್ಪು ಮಾಡಿದವರೂ ಸತ್ತವರೂ ಒಬ್ಬರೇ ಆದರೆ ಜಗಳಕ್ಕೆ ಯಾರೂ ಉಳಿಯುವುದಿಲ್ಲ. ಅದರ ಬದಲು ಹೀಗಿದ್ದರೆ? ಒಂದೇ ದಿನ ಎರಡು ಶತ್ರು ದೇಶಗಳು, ಒಂದಕ್ಕೊಂದು ಗೊತ್ತಿಲ್ಲದೆ, ಸೈರ್ ಮೇಲೆ ಬೇರೆ ಬೇರೆ ಮಂತ್ರ ಪ್ರಯೋಗಿಸಿದವು. ಬಿಡಿಬಿಡಿಯಾಗಿ ಎರಡೂ ಸಣ್ಣವು. ಸೇರಿದಾಗ ದೇಶವೇ ಹೋಯಿತು. ಈಗ ಎರಡೂ ರಾಜಧಾನಿಗಳಲ್ಲಿ ನಾಲ್ಕಾರು ಮಂದಿ "ನಾವೊಬ್ಬರೇ ಮಾಡಿದ್ದು" ಅಂದುಕೊಂಡು ಕಾಗದ ಸುಡುತ್ತಿದ್ದಾರೆ. ಒಬ್ಬರ ಹತ್ತಿರವೂ ಪೂರ್ತಿ ಸತ್ಯ ಇಲ್ಲ. ಅರ್ಧ ತಿಳಿದವರು ತಪ್ಪೊಪ್ಪಿಕೊಂಡರೂ ಅದು ಸುಳ್ಳೇ ಆಗುತ್ತದೆ. ಇದು ಅಚ್ಚಾಗಿ ನಿಮ್ಮ ಗೆಳೆಯರ ಕೈಗೂ ಹೋಗುವುದರಿಂದ ನೀವು ಬಳಸುವ ಹಾಗಿಲ್ಲ, ಕ್ಷಮಿಸಿ. ಬೇರೆ ಟೇಬಲ್‌ನವರು ಧಾರಾಳವಾಗಿ ತೆಗೆದುಕೊಳ್ಳಲಿ.

ಉತ್ತರವನ್ನು ಯಾವಾಗ ತೀರ್ಮಾನಿಸಬೇಕು ಅನ್ನುವುದರಲ್ಲಿ ಎರಡು ಪಂಥ ಇದೆ. ಮೊದಲೇ ಬರೆದಿಡಿ ಎನ್ನುವವರು ಕೆಲವರು. ಆಟಗಾರರು ಊಹಿಸಿದ್ದರಲ್ಲಿ ಚೆನ್ನಾಗಿರುವುದನ್ನೇ ಕೊನೆಗೆ ನಿಜ ಮಾಡಿಬಿಡಿ ಎನ್ನುವವರು ಇನ್ನು ಕೆಲವರು. ಎರಡನೆಯದನ್ನು ಬಹಿರಂಗವಾಗಿ ಮಾಡುವ ಆಟಗಳೇ ಇವೆ. 'ಬ್ರಿಂಡಲ್‌ವುಡ್ ಬೇ' ಎಂಬ ಆಟದಲ್ಲಿ ಕೊಲೆಗಾರ ಯಾರೆಂದು ಪುಸ್ತಕದಲ್ಲೂ ಇಲ್ಲ, ನಡೆಸುವವರ ತಲೆಯಲ್ಲೂ ಇಲ್ಲ. ಆಟಗಾರರು ಸುಳಿವುಗಳನ್ನು ಜೋಡಿಸಿ ಒಂದು ಊಹೆ ಕಟ್ಟಿ, ದಾಳ ಹಾಕುತ್ತಾರೆ. ದಾಳ ಒಲಿದರೆ ಅದೇ ಸತ್ಯ. ಎಲ್ಲರಿಗೂ ಗೊತ್ತಿದ್ದೇ ಆಡುವುದರಿಂದ ಅದರಲ್ಲಿ ಮೋಸವಿಲ್ಲ. ಆದರೆ ಉತ್ತರ ನನ್ನ ಹತ್ತಿರ ಇದೆ ಎಂಬ ಮುಖ ಮಾಡಿಕೊಂಡು, ಒಳಗೊಳಗೇ ಆಟಗಾರರ ಊಹೆಯನ್ನು ಕದ್ದು ನಿಜ ಮಾಡುವುದು ನನಗೆ ಹಿಡಿಸುವುದಿಲ್ಲ. ಸರಿಯಾಗಿ ಯೋಚಿಸಿದವರಿಗೂ ಸುಮ್ನೆ ಬಾಯಿಗೆ ಬಂದದ್ದು ಹೇಳಿದವರಿಗೂ ಅಲ್ಲಿ ವ್ಯತ್ಯಾಸವೇ ಇರುವುದಿಲ್ಲ.

ನಿಮ್ಮ ಗೆಳೆಯರು ತಿಂಗಳುಗಟ್ಟಲೆ ನೋಟ್‌ಬುಕ್‌ನಲ್ಲಿ ಸುಳಿವು ಬರೆದಿಟ್ಟುಕೊಂಡಿದ್ದಾರೆ ಎಂದಿದ್ದೀರಿ. ಅಂಥವರಿಗೆ ಮೊದಲೇ ತೀರ್ಮಾನಿಸಿದ ಉತ್ತರವೇ ಸರಿ. ಒಂದು ಹಾಳೆಯಲ್ಲಿ ಬರೆದಿಡಿ. ಬದಲಾಯಿಸಬೇಕು ಅನ್ನಿಸಿದರೆ ಬದಲಾಯಿಸಿ, ಆದರೆ ಮೊದಲ ಗಟ್ಟಿ ಸುಳಿವು ಟೇಬಲ್ ಮೇಲೆ ಬೀಳುವ ತನಕ ಮಾತ್ರ. ಆಮೇಲೆ ಕೈ ಹಾಕಬೇಡಿ.

ಸುಳಿವುಗಳ ಬಗ್ಗೆ ಎರಡೇ ಮಾತು. ಜಸ್ಟಿನ್ ಅಲೆಕ್ಸಾಂಡರ್ ಎಂಬ ಆಟದ ವಿನ್ಯಾಸಕಾರರ ಸೂತ್ರ ಪ್ರಸಿದ್ಧ. ಆಟಗಾರರಿಗೆ ಗೊತ್ತಾಗಲೇಬೇಕಾದ ಪ್ರತಿ ವಿಷಯಕ್ಕೂ ಕನಿಷ್ಠ ಮೂರು ಸುಳಿವು ಇಡಿ ಎನ್ನುತ್ತಾರೆ ಅವರು. ಒಂದನ್ನು ನೋಡದೆ ಹೋಗುತ್ತಾರೆ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ಕೈ ಹಿಡಿಯುತ್ತೆ. ರಾಬಿನ್ ಲಾಸ್ ಎಂಬ ಇನ್ನೊಬ್ಬ ವಿನ್ಯಾಸಕಾರರು ತಂದ 'ಗಮ್‌ಶೂ' ಎಂಬ ಆಟದ ಪದ್ಧತಿ ಇನ್ನೂ ನೇರ. ಕಥೆ ಮುಂದೆ ಹೋಗಲು ಬೇಕಾದ ಸುಳಿವನ್ನು ದಾಳದ ಕೈಗೆ ಕೊಡಲೇಬೇಡಿ, ಸರಿಯಾದ ಜಾಗದಲ್ಲಿ ಹುಡುಕಿದವರಿಗೆ ಸಿಗಲಿ ಎನ್ನುತ್ತದೆ. ಎರಡನ್ನೂ ಪಾಲಿಸಿ.

ಇದಕ್ಕಿಂತ ರುಚಿಯಾದ ಕೆಲಸ ಸುಳ್ಳು ಉತ್ತರಗಳದ್ದು. ಇದಕ್ಕೆ ಪಾಠ ಬೇಕಾದರೆ ಹಾಸನದ ಕಡೆಯ ಬಸ್ಸು ಹತ್ತಿ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ದೇವಾಲಯದ ಮೇಲೆ ಇವತ್ತು ಶಿಖರ ಇಲ್ಲ. ಇದ್ದು ಬಿತ್ತೋ, ಕಟ್ಟಲೇ ಇಲ್ಲವೋ ಎಂದು ಅಲ್ಲಿ ನಾಲ್ಕು ಜನರನ್ನು ಕೇಳಿ ನೋಡಿ. ಒಬ್ಬರು 1311ರ ಮಲಿಕ್ ಕಾಫರ್ ದಾಳಿಯಿಂದ ಶುರು ಮಾಡುತ್ತಾರೆ. ಇನ್ನೊಬ್ಬರು ತಲೆತಲಾಂತರ ಕೆತ್ತಿದರೂ ಕೆಲಸ ಮುಗಿಯಲೇ ಇಲ್ಲ ಎನ್ನುತ್ತಾರೆ. ಮತ್ತೊಬ್ಬರು ಕಲ್ಲಿನ ಭಾರದ ಲೆಕ್ಕ ಹೇಳುತ್ತಾರೆ. ಯಾರೂ ಅನುಮಾನದಿಂದ ಮಾತಾಡುವುದಿಲ್ಲ. ಸ್ವಲ್ಪ ಕಿವಿಗೊಟ್ಟರೆ ಶಿಖರಕ್ಕಿಂತ ಹೇಳುವವರ ವಿಷಯವೇ ಜಾಸ್ತಿ ಗೊತ್ತಾಗುತ್ತದೆ. ಯಾರಿಗೆ ಯಾರ ಮೇಲೆ ಸಿಟ್ಟು, ಯಾರಿಗೆ ಯಾವುದರ ಬಗ್ಗೆ ಹೆಮ್ಮೆ, ಎಲ್ಲ.

ನಿಮ್ಮ ಆಟದಲ್ಲೂ ಹೀಗೇ ಆಗಲಿ. ತ್ರೇನ್ ದೇಶದ ಪಾದ್ರಿಯನ್ನು ಕೇಳಿದರೆ ಅವನು ಕಾರ್ನಾತ್ ದೇಶದವರ ಕಡೆ ಬೆರಳು ತೋರಿಸಲಿ. ಹೆಣಗಳನ್ನು ಎಬ್ಬಿಸಿ ಸೈನ್ಯಕ್ಕೆ ಸೇರಿಸಿಕೊಂಡವರು ಅವರು, ಪಾಪ ಸುಮ್ನೆ ಬಿಡುತ್ತಾ ಅನ್ನಲಿ. ಕ್ಯಾನಿತ್ ಮನೆತನದ ಎಂಜಿನಿಯರ್ ಆ ಮಾತು ಬಂದ ಕೂಡಲೇ ವಿಷಯ ಬದಲಿಸಲಿ. ಯುದ್ಧಕ್ಕೆ ಆಯುಧ ಮಾಡಿಕೊಟ್ಟ ಮನೆತನ ಅದು, ಯಜಮಾನನೂ ಸೈರ್ ಜೊತೆ ಸತ್ತ, ಮನೆ ಮೂರು ಹೋಳಾಗಿದೆ. ಮೂರು ಹೋಳಿನವರಿಗೂ ಮೂರು ಕಥೆ ಇರಲಿ. ಯುದ್ಧಕ್ಕೆಂದೇ ತಯಾರಾದ ವಾರ್‌ಫೋರ್ಜ್ಡ್ ಸೈನಿಕ, "ನಮ್ಮನ್ನು ಮಾಡಿದವರೇ ನಾಶವಾದರು, ಒಳ್ಳೆಯದೇ ಆಯ್ತು" ಅನ್ನಲಿ. ಎಲ್ಲ ಸುಳ್ಳು ಉತ್ತರಗಳಲ್ಲೂ ಒಂದೊಂದು ನಿಜವಾದ ಚೂರು ಇಡಿ, ಒಂದು ತಾರೀಖು, ಒಂದು ಊರು, ಒಬ್ಬ ಸಾಕ್ಷಿ. ಪೂರ್ತಿ ಸುಳ್ಳನ್ನು ಕೇಳಿಸಿಕೊಂಡು ಬಂದ ಸಂಜೆ ಆಟಗಾರರಿಗೆ ದಂಡ ಅನ್ನಿಸುತ್ತದೆ.

ಎಲ್ಲ ಓದಿಕೊಂಡ ಗೆಳೆಯನ ಬಗ್ಗೆ ನೀವು ಒಂದೂವರೆ ಪುಟ ಬರೆದಿದ್ದೀರಿ. ಅಷ್ಟು ತಲೆಬಿಸಿ ಬೇಡ. ಪುಸ್ತಕದಲ್ಲೇ ಇಲ್ಲದ ಗುಟ್ಟಿನ ಮುಂದೆ ಎಲ್ಲ ಓದಿದವನೂ ಏನೂ ಓದದವನೂ ಒಂದೇ. ಅವನನ್ನು ಕೆಲಸಕ್ಕೆ ಹಚ್ಚಿ. ಅವನ ಪಾತ್ರ ಪಂಡಿತನೋ ಪತ್ರಕರ್ತನೋ ಆಗಿದ್ದರೆ, ಲೋಕದ ಬಗ್ಗೆ ಉಳಿದವರಿಗೆ ವಿವರಿಸುವ ಕೆಲಸ ಅವನದೇ ಆಗಲಿ. ಒಂದು ಮಾತು ಮಾತ್ರ ಮೊದಲೇ ಎಲ್ಲರೆದುರು ಹೇಳಿ: "ಇದು ನಮ್ಮ ಎಬೆರಾನ್, ಪುಸ್ತಕಕ್ಕೂ ಇದಕ್ಕೂ ವ್ಯತ್ಯಾಸ ಇರುತ್ತೆ." ಆಮೇಲೂ ಅವನು ಪುಟದ ನಂಬರ್ ಹೇಳಿ ವಾದಿಸಿದರೆ ಅದು ಗುಟ್ಟಿನ ಸಮಸ್ಯೆಯಲ್ಲ, ಗೆಳೆತನದ ಸಮಸ್ಯೆ. ಅದಕ್ಕೆ ನಮ್ಮ ಪತ್ರಿಕೆಯಲ್ಲಿ ಬೇರೆ ಅಂಕಣ ಇದೆ.

ನನಗೆ ಹೆಚ್ಚು ಕಾಳಜಿ ಬಂದಿದ್ದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ವಿಷಯಕ್ಕೆ. ನಾಲ್ವರಲ್ಲಿ ಒಬ್ಬರ ಪಾತ್ರ ಸೈರ್‌ನ ನಿರಾಶ್ರಿತೆ. ಅವರ ಅಜ್ಜನ ಊರು ಹೇಮಾವತಿ ಜಲಾಶಯದಲ್ಲಿ ಮುಳುಗಿದ್ದು ಎಂದೂ ಬರೆದಿದ್ದೀರಿ. ಗೊರೂರಿನ ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಶೆಟ್ಟಿಹಳ್ಳಿಯ ಹಳೇ ಚರ್ಚ್ ಮಳೆಗಾಲದಲ್ಲಿ ನೀರೊಳಗೆ ನಿಂತಿರುವುದನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ. ಅಲ್ಲಿ ಊರು ಹೋದದ್ದು ಯಾಕೆ ಎಂದು ಎಲ್ಲರಿಗೂ ಗೊತ್ತು. ಆದರೂ ಆ ಕಡೆಯ ಹಿರಿಯರ ಹತ್ತಿರ ಮಾತಾಡಿ ನೋಡಿ, ಕಾರಣದ ಮಾತು ಬರುವುದೇ ಕಡಿಮೆ. ಬಾವಿ ಎಲ್ಲಿತ್ತು, ಕಣ ಯಾರದ್ದು, ಹಲಸಿನ ಮರ ಯಾವ ಬೇಲಿಯ ಪಕ್ಕ ಇತ್ತು, ಇದೇ ಮಾತು. ಕಾರಣ ತಿಳಿದ ಮಾತ್ರಕ್ಕೆ ಆ ಮಾತು ನಿಲ್ಲುವುದಿಲ್ಲ.

ಆ ಆಟಗಾರ್ತಿಗೆ ನಿಮ್ಮ ಉತ್ತರ ಎಷ್ಟೇ ಜಾಣತನದ್ದಾಗಿದ್ದರೂ ಸಾಕಾಗದೆ ಇರಬಹುದು. ಅವರನ್ನು ಮೊದಲು ಒಬ್ಬರೇ ಇದ್ದಾಗ ಕೇಳಿ. ಆಟದಲ್ಲಿ ಈ ವಿಷಯ ಎಷ್ಟು ಬೇಕು, ಎಷ್ಟು ಬೇಡ ಎಂದು ಅವರೇ ಹೇಳಲಿ. ಬೇಕು ಎಂದರೆ, ಮಂಜಿನೊಳಗೆ ಅವರ ಪಾತ್ರದ ಬೀದಿ, ಮನೆ, ಹಾಗೇ ಉಳಿದ ಅಡುಗೆಮನೆ ಬರಲಿ. ಗುಟ್ಟಿಗೆ ಸಂಬಂಧವೇ ಇಲ್ಲದ ಒಂದು ಇಡೀ ಸೆಷನ್ ಅದಕ್ಕೆ ಕೊಡಿ. ಉಳಿದ ಮೂವರು ಸುಳಿವು ಎಲ್ಲಿ ಎಂದು ಗೊಣಗಿದರೆ ಗೊಣಗಲಿ.

ಕೊನೆಯ ಸೆಷನ್ ತನಕ ಉತ್ತರ ಬಚ್ಚಿಡಬೇಕಾ ಎಂದು ಕೇಳಿದ್ದೀರಿ. ಬೇಡ. ಮುಕ್ಕಾಲು ದಾರಿಯಲ್ಲೇ ಕೈಗೆ ಕೊಟ್ಟುಬಿಡಿ. ಮೇಲೆ ಹೇಳಿದ ಕತ್ತಿಗಳ ಕಥೆ ನೆನಪಿದೆಯಲ್ಲ? ಉತ್ತರ ಯಾರ ಕೈಗೆ ಹೋಗಬೇಕು, ಪತ್ರಿಕೆಗೆ ಕೊಡಬೇಕಾ, ರಾಜನಿಗೆ ಹೇಳಬೇಕಾ, ಸುಟ್ಟುಹಾಕಬೇಕಾ ಎಂದು ಅವರು ತಮ್ಮತಮ್ಮಲ್ಲೇ ಜಗಳ ಆಡುವುದಕ್ಕೆ ಸಮಯ ಬೇಕು. ಆ ಜಗಳದಲ್ಲಿ ನೀವು ಕಾಫಿ ಕುಡಿಯುತ್ತಾ ಕೂತಿರಬಹುದು, ದಾಳವೂ ಬೇಕಾಗುವುದಿಲ್ಲ.

ನಿಮ್ಮ ಪತ್ರದ ಕೊನೆಯ ಪುಟದಲ್ಲಿದ್ದ ಮೂರು ಉತ್ತರಗಳನ್ನು ಇಲ್ಲಿ ಅಚ್ಚು ಮಾಡಿಲ್ಲ. ನಿಮ್ಮ ಟೇಬಲ್‌ನ ಎಸ್ಟೇಟ್ ರೈಟರ್ ನಮ್ಮ ಚಂದಾದಾರರು ಎಂದು ನೀವೇ ತಿಳಿಸಿದ್ದೀರಿ. ಎರಡನೆಯದು ಚೆನ್ನಾಗಿದೆ, ಅದನ್ನೇ ಇಟ್ಟುಕೊಳ್ಳಿ. ಮೂರನೆಯದರಲ್ಲಿ ಡ್ರ್ಯಾಗನ್ ಜಾಸ್ತಿಯಾಯಿತು.

— ಸಂ.